ವಿಕಲಚೇತನ: ಕೊರತೆ ಇರುವುದು ಯಾವುದಕ್ಕೆ?

ಮೊನ್ನೆ ಒಂದು ಆರೋಗ್ಯ ಶಿಬಿರದ ಫ್ಲೆಕ್ಸ್ ಕಣ್ಣಿಗೆ ಬಿತ್ತು. ‘ಹಿರಿಯ ನಾಗರಿಕರು ಹಾಗೂ ಇತರೆ ವಿಕಲಚೇತನರಿಗೆ ಉಚಿತ ತಪಾಸಣೆ.’ ಆ ‘ಇತರೆ’ಯನ್ನು ಓದಿ ರಸ್ತೆಯಲ್ಲೇ ನಿಂತೆ. 60 ತುಂಬಿದವರನ್ನೆಲ್ಲ ಒಂದೇ ಏಟಿಗೆ ವಿಕಲಚೇತನರ ಪಟ್ಟಿಗೆ ಸೇರಿಸಿಬಿಟ್ಟಿದ್ದರು. ಅದೇ ವಾರ ಒಂದು ಬಸ್ ನಿಲ್ದಾಣದಲ್ಲಿ ‘ವಿಕಲಚೇತನ ಶೌಚಾಲಯ’ ಅನ್ನೋ ಬೋರ್ಡು. ಮುಂದೆ ಮೂರು ಮೆಟ್ಟಿಲು, ಬಾಗಿಲಿಗೆ ಬೀಗ. ಅಲ್ಲಿ ಮಾತ್ರ ಪದ ಸರಿಯಾಗಿ ಬಿದ್ದಿದೆ ಅನ್ನಿಸಿತು. ವಿಕಲವಾಗಿದ್ದದ್ದು ಶೌಚಾಲಯವೇ.

ಈ ಪದವನ್ನು ಒಮ್ಮೆ ಬಿಡಿಸಿ ನೋಡೋಣ ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

‘ವಿಕಲ’ದ ಹೊಟ್ಟೆಯಲ್ಲಿರುವುದು ‘ಕಲಾ’. ಇಲ್ಲಿ ಅದಕ್ಕೆ ಭಾಗ, ತುಣುಕು ಅಂತ ಅರ್ಥ. ಚಂದ್ರನ ಹದಿನಾರು ಕಲೆಗಳು ಅನ್ನುತ್ತೇವಲ್ಲ, ಆ ಕಲೆ. ಎಲ್ಲ ತುಣುಕೂ ಜೊತೆಗಿದ್ದರೆ ‘ಸಕಲ’. ಯಾವುದೋ ಒಂದು ಇಲ್ಲದಿದ್ದರೆ ‘ವಿಕಲ’. ಏನೂ ಕಳೆದುಹೋಗದೆ ಇಡಿಯಾಗಿದ್ದರೆ ‘ಅವಿಕಲ’. ಹುಣ್ಣಿಮೆಯ ಚಂದ್ರ ಸಕಲ, ಅಷ್ಟಮಿಯ ಚಂದ್ರ ವಿಕಲ. ‘ಸಕಲರಿಗೂ ಸುಸ್ವಾಗತ’ ಅಂತ ದಿನಾ ಮೈಕಿನಲ್ಲಿ ಕೂಗುವವರಿಗೆ ಅದರ ಜೋಡಿ ಪದ ವಿಕಲ ಅನ್ನುವುದು ಹೊಳೆದಿರಲಿಕ್ಕಿಲ್ಲ. ಅಂದಹಾಗೆ ‘ವಿಕಲ್ಪ’ಕ್ಕೂ ಇದಕ್ಕೂ ನಂಟಿಲ್ಲ, ‘ವಿಫಲ’ಕ್ಕೂ ಇಲ್ಲ. ಎರಡನ್ನೂ ಕೇಳಿದವರಿದ್ದಾರೆ, ಅದಕ್ಕೇ ಹೇಳಿದೆ.

ಅಂದರೆ ‘ವಿಕಲ’ ಬೈಗುಳವಲ್ಲ. ಅದು ಲೆಕ್ಕದ ಮಾತು. ಆದರೆ ಆ ಮಾತು ಬಂದ ಕೂಡಲೇ ಒಂದು ಪ್ರಶ್ನೆಯೂ ಬರುತ್ತದೆ: ಕೊರತೆ ಯಾವುದಕ್ಕೆ? ‘ಅಂಗವಿಕಲ’ ಅಂದರೆ ಉತ್ತರ ಅಲ್ಲೇ ಇದೆ. ಅಂಗಕ್ಕೆ. ಕಾಲೋ ಕೈಯೋ ಕಣ್ಣೋ. ‘ವಿಕಲಾಂಗ’ ಅಂದರೂ ಅದೇ ಉತ್ತರ. ಹಾಗಾದರೆ ‘ವಿಕಲಚೇತನ’ ಅಂದರೆ?

‘ಚೇತನ’ ಹುಟ್ಟಿದ್ದು ‘ಚಿತ್’ ಅನ್ನುವ ಧಾತುವಿನಿಂದ. ಅರಿಯುವುದು, ಎಚ್ಚರವಾಗಿರುವುದು ಅಂತ ಅದರ ಅರ್ಥ. ಅರಿವು, ಜೀವ, ಒಳಗಿನ ಕಸುವು, ಎಲ್ಲವೂ ಚೇತನವೇ. ಅದು ಇಲ್ಲದ್ದು ಅಚೇತನ: ಕಲ್ಲು, ಮಣ್ಣು, ಕುರ್ಚಿ. ಇನ್ನು ಶಾಲೆಯ ಸಮಾಸ ಪಾಠ ನೆನಪು ಮಾಡಿಕೊಳ್ಳಿ. ಮುಕ್ಕಣ್ಣ ಅಂದರೆ ಮೂರು ಕಣ್ಣಲ್ಲ, ಮೂರು ಕಣ್ಣುಳ್ಳವನು. ಅದು ಬಹುವ್ರೀಹಿ. ಹಾಗೆ ಬಿಡಿಸಿದರೆ ವಿಕಲಚೇತನ ಅಂದರೆ ಯಾರ ಚೇತನ ವಿಕಲವೋ ಅವರು. ಅರಿವಿಗೇ ಕುಂದು ಬಂದವರು.

ಪದದ ಪರ ನಿಲ್ಲುವವರು ಇಲ್ಲಿ ತಕರಾರು ತೆಗೆಯುತ್ತಾರೆ. ‘ಹಾಗಲ್ಲ ಸಾರ್, ಅದು ಕರ್ಮಧಾರಯ. ಚೇತನ ಅಂದರೆ ಇಲ್ಲಿ ಜೀವಿ, ವ್ಯಕ್ತಿ. ದೊಡ್ಡವರನ್ನು ಹಿರಿಯ ಚೇತನ ಅನ್ನಲ್ವಾ, ಹಾಗೆ.’ ಸರಿ, ಒಪ್ಪೋಣ. ಕರ್ಮಧಾರಯಕ್ಕೆ ಪಾಠದಲ್ಲಿ ಬರುವ ಉದಾಹರಣೆ ಹೆಮ್ಮರ. ಹಿರಿದಾದ ಮರ. ಅಲ್ಲಿ ಹಿರಿದಾಗಿರುವುದು ಯಾವುದು? ಮರವೇ. ವಿಕಲವಾದ ಚೇತನದಲ್ಲಿ ವಿಕಲವಾಗಿರುವುದು ಯಾವುದು? ಚೇತನವೇ. ಬಹುವ್ರೀಹಿಯಲ್ಲಿ ಕೊರತೆ ವ್ಯಕ್ತಿಯ ಅರಿವಿಗಾದರೂ ಅಂಟಿತ್ತು. ಕರ್ಮಧಾರಯದಲ್ಲಿ ಇಡೀ ವ್ಯಕ್ತಿಗೇ ಅಂಟಿತು. ಇದು ವಾದ ಗೆದ್ದು ವ್ಯಾಜ್ಯ ಸೋತ ಹಾಗೆ.

ಹೀಗಾದದ್ದು ಹೇಗೆ ಅನ್ನುವುದಕ್ಕೆ ನನ್ನದೊಂದು ಊಹೆ. ಅಂಗವಿಕಲ ಅನ್ನೋದು ಒರಟಾಗಿ ಕೇಳಿಸಿತು. ಮರ್ಯಾದೆಯ ಪದ ಬೇಕಾಯಿತು. ಇಂಗ್ಲಿಷಿನಲ್ಲಿ ‘ಡಿಸೇಬಲ್ಡ್’ ಬಿಟ್ಟು ‘ಡಿಫರೆಂಟ್ಲಿ ಏಬಲ್ಡ್’ ಅನ್ನುವ ಗಾಳಿಯೂ ಬೀಸುತ್ತಿತ್ತು. ಚೇತನ ಕಿವಿಗೆ ಇಂಪಾದ ಪದ, ಸನ್ಮಾನಪತ್ರಗಳಲ್ಲಿ ಓಡಾಡಿದ ಪದ. ಅದನ್ನು ತಂದು ಅಂಗದ ಜಾಗದಲ್ಲಿ ಕೂರಿಸಿದರು. ಚುಚ್ಚುತ್ತಿದ್ದ ‘ವಿಕಲ’ ಇದ್ದಲ್ಲೇ ಉಳಿಯಿತು. ಇಲಿ ಕಾಟ ಅಂತ ಮನೆ ಬದಲಾಯಿಸಿ, ಇಲಿಯನ್ನೂ ಸಾಮಾನಿನ ಜೊತೆ ಲಾರಿಗೆ ಹಾಕಿದಂತಾಯಿತು.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಪುಟ್ಟರಾಜರು ಹಾಡಿದರು, ಹಲವು ವಾದ್ಯ ನುಡಿಸಿದರು, ನಾಟಕ ಬರೆದರು, ಕಣ್ಣು ಕಾಣದ ಎಷ್ಟೋ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ತೀರಿಕೊಂಡರು. ಆ ಮನುಷ್ಯನಲ್ಲಿ ವಿಕಲವಾಗಿದ್ದದ್ದು ಚೇತನವಾ? ಗದಗಿನ ಯಾವುದಾದರೂ ಚಹಾದಂಗಡಿಯಲ್ಲಿ ನಿಂತು ಹಾಗಂದು ನೋಡಿ.

‘ದಿವ್ಯಾಂಗ’ದ ಕಥೆ ಬೇರೆ. 2015ರ ಡಿಸೆಂಬರಿನಲ್ಲಿ ಪ್ರಧಾನಿ ರೇಡಿಯೋ ಭಾಷಣದಲ್ಲಿ ವಿಕಲಾಂಗ ಬಿಟ್ಟು ದಿವ್ಯಾಂಗ ಅನ್ನೋಣ ಅಂದರು. ಮುಂದೆ ಕೇಂದ್ರದ ಇಲಾಖೆಯ ಹಿಂದಿ ಹೆಸರಿನಲ್ಲೂ ಅದು ಸೇರಿತು. ಅಂಗ ಉಳಿಯಿತು, ವಿಕಲ ಹೋಯಿತು, ದಿವ್ಯ ಬಂತು. ನಮ್ಮವರು ಮಾಡಿದ್ದಕ್ಕೆ ಸರಿಯಾಗಿ ಉಲ್ಟಾ. ಆದರೆ ಪೋಲಿಯೋದಲ್ಲಿ ಸೋತ ಕಾಲಿನಲ್ಲಿ ದಿವ್ಯವಾದದ್ದೇನು ಅಂತ ಆ ಕಾಲಿನವರೇ ಕೇಳಿದರು. ನಮಗೆ ದೇವತ್ವ ಬೇಡ, ರ‍್ಯಾಂಪ್ ಕೊಡಿ ಅನ್ನುವುದು ಅವರ ಮಾತಿನ ಸಾರ. 2019ರಲ್ಲಿ ವಿಶ್ವಸಂಸ್ಥೆಯ ಸಮಿತಿಯೂ ಭಾರತದ ವರದಿ ನೋಡುವಾಗ ಈ ಪದದ ಬಗ್ಗೆ ತಕರಾರು ಎತ್ತಿತು.

‘ವಿಶೇಷಚೇತನ’ದ ಬಗ್ಗೆ ಜಾಸ್ತಿ ಹೇಳಲ್ಲ. ಹೊಸದಾಗಿ ಮದುವೆಯಾದವಳನ್ನು ‘ಏನಮ್ಮಾ, ಏನಾದ್ರೂ ವಿಶೇಷ?’ ಅಂತ ಕೇಳುವ ನಾಡಿದು. ಆ ಪದಕ್ಕೆ ಈಗಾಗಲೇ ಸಾಕಷ್ಟು ಕೆಲಸವಿದೆ.

ಹಾಗಂತ ಹಳೆಯದೆಲ್ಲ ಚಿನ್ನವೂ ಅಲ್ಲ. ಕುರುಡ, ಕುಂಟ, ಕಿವುಡ, ಹೆಳವ, ಇವೆಲ್ಲ ಅಚ್ಚ ಕನ್ನಡದ ಪದಗಳೇ. ಹೆಳವ ಅನ್ನುವುದು ಮನೆತನಗಳ ವಂಶಾವಳಿ ಹೇಳುತ್ತಾ ಎತ್ತಿನೊಂದಿಗೆ ಊರೂರು ಸುತ್ತುವವರ ಕುಲದ ಹೆಸರೂ ಹೌದು. ಆದರೆ ‘ಕುಂಟನಿಗೆ ಎಂಟು ಚೇಷ್ಟೆ’ ಅಂತ ಗಾದೆ ಕಟ್ಟಿದ ಜನ ನಾವು. ಆ ಪದಗಳು ಎಷ್ಟು ಕಲ್ಲೇಟು ತಿಂದಿವೆ ಅಂದರೆ ಈಗ ಅವೇ ಕಲ್ಲುಗಳಾಗಿವೆ.

ನನ್ನ ಮೆಚ್ಚಿನದು ಬೇರೊಂದಿದೆ. ಅದು ಪದವಲ್ಲ, ವಾಕ್ಯ. ‘ಅವರಿಗೆ ಕಣ್ಣು ಕಾಣಲ್ಲ.’ ‘ನಂಗೆ ಕಿವಿ ಕೇಳ್ಸಲ್ಲ.’ ಇಲ್ಲಿ ‘ಗೆ’ ಮಾಡುವ ಕೆಲಸ ನೋಡಿ. ನನಗೆ ಹಸಿವು, ನನಗೆ ನೆಗಡಿ, ನನಗೆ ಈಜು ಬರಲ್ಲ ಅನ್ನುವಾಗಿನ ‘ಗೆ’ಯೇ ಇದು. ಹಸಿವು ನಾನಲ್ಲ, ನನಗಾದದ್ದು. ಹಾಗೆಯೇ ಕಿವುಡು ಕೂಡ ನಾನಲ್ಲ. ‘ಕುರುಡ’ ಅಂದಾಗ ಆಗುವ ಹಾಗೆ ಕೊರತೆ ಮನುಷ್ಯನ ಹೆಸರಾಗಿ ಕೂರುವುದಿಲ್ಲ. ಕರೆಯಲೇಬೇಕಾದರೆ ‘ಕಣ್ಣು ಕಾಣದವರು’, ‘ನಡೆಯಲಾಗದವರು’. ಯಾವ ಕೆಲಸ ಆಗುವುದಿಲ್ಲವೋ ಅದನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ಯಾವ ಸಮಿತಿಯೂ ಕೂತು ಮಾಡಿದ್ದಲ್ಲ, ಹಜಾರದಲ್ಲಿ ಕೂತ ಅಜ್ಜಿಯರು ಮಾಡಿದ್ದು.

ಆದರೆ ಕಾನೂನಿಗೆ ಎಲ್ಲರನ್ನೂ ಸೇರಿಸುವ ಒಂದು ಪದ ಬೇಕು, ನಿಜ. 1995ರ ಕಾಯ್ದೆಯಲ್ಲಿ 7 ಬಗೆಯ ವಿಕಲತೆ ಇತ್ತು. 2016ರ ಹಕ್ಕುಗಳ ಕಾಯ್ದೆಯಲ್ಲಿ 21. ಹಿಮೋಫಿಲಿಯಾ, ಥಲಸ್ಸೇಮಿಯಾ, ಪಾರ್ಕಿನ್ಸನ್, ಮಾನಸಿಕ ಕಾಯಿಲೆ, ಆಸಿಡ್ ದಾಳಿಗೆ ಸಿಕ್ಕವರು, ಎಲ್ಲರೂ ಅದರಲ್ಲಿದ್ದಾರೆ. ಇಲ್ಲಿ ‘ಅಂಗವಿಕಲ’ವೂ ಸೋಲುತ್ತದೆ. ರಕ್ತ ಯಾವ ಅಂಗ? ಹಾಗಾಗಿ ನಾನು ‘ವಿಕಲತೆ ಇರುವವರು’ ಅಂತ ಬರೆಯುತ್ತೇನೆ. ಉದ್ದ ಅಂತ ಸಂಪಾದಕರು ಗೊಣಗುತ್ತಾರೆ. ಗೊಣಗಲಿ.

ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಯಾರೂ ಗಮನಿಸದ ಒಂದು ಜಾಣತನವಿದೆ. ದೀರ್ಘಕಾಲದ ಕೊರತೆ ಇದ್ದು, ಅದು ಸುತ್ತಲಿನ ಅಡೆತಡೆಗಳ ಜೊತೆ ಸೇರಿ, ಉಳಿದವರಿಗೆ ಸಮನಾಗಿ ಬದುಕಲು ಅಡ್ಡಿಯಾದರೆ ಅವರು ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಅಂದರೆ ಮೆಟ್ಟಿಲೂ ವ್ಯಾಖ್ಯೆಯ ಒಂದು ಭಾಗ. ಬೀಗವೂ. ಇಷ್ಟು ಹೇಳುವ ಕಾನೂನು ಇರುವಾಗ ಕೊರತೆಯನ್ನು ಚೇತನದೊಳಗೆ ಹುಡುಕುವ ಪದ ಏಕೆ ಅಂತ ನನ್ನ ಜಗಳ.

ಇನ್ನು ಅರ್ಜಿಗಳಲ್ಲಿ ಬರುವ ಶೇಕಡಾ 40ರ ಮಾತು. ಸವಲತ್ತುಗಳಲ್ಲಿ ಹೆಚ್ಚಿನವು ಶೇ 40 ಮತ್ತು ಅದಕ್ಕೆ ಮೇಲ್ಪಟ್ಟು ವಿಕಲತೆಯ ಪ್ರಮಾಣಪತ್ರ ಇದ್ದವರಿಗೆ. ಶೇ 40 ಅಂದರೆ ಮನುಷ್ಯ ಶೇ 60 ಮಾತ್ರ ಉಳಿದಿದ್ದಾನೆ ಅಂತಲ್ಲ. ಅದು ವೈದ್ಯರು ಕೋಷ್ಟಕ ಹಿಡಿದು ಅಳೆದ ಅಂಕಿ, ಅಷ್ಟೇ. ಕಿವಿಯದಾದರೆ ಡೆಸಿಬೆಲ್ ಲೆಕ್ಕ: ಮಾತಿನ ಶ್ರೇಣಿಯಲ್ಲಿ ಎರಡೂ ಕಿವಿಗೆ 60ರಿಂದ 70 ಡೆಸಿಬೆಲ್ ನಷ್ಟವಾಗಿದ್ದರೆ ಕಿವಿ ಮಂದ, 70 ಇದ್ದರೆ ಕಿವುಡು. ಕಾಯ್ದೆಯ ಆ ಸಾಲಿನಲ್ಲಿ ವಯಸ್ಸಿನ ಮಾತೇ ಇಲ್ಲ. ಹುಟ್ಟಿನಿಂದ ಬಂದದ್ದಾದರೂ ಆಯಿತು, 70ರಲ್ಲಿ ಬಂದದ್ದಾದರೂ ಆಯಿತು.

ಇದು ನಮ್ಮ ಹಿರಿಯರಿಗೆ ಗೊತ್ತಿಲ್ಲ. ಗೊತ್ತಾಗದಂತೆ ತಡೆಯುವುದರಲ್ಲಿ ಈ ಪದದ ಪಾಲೂ ಇದೆ. ನನ್ನ ದೊಡ್ಡಮ್ಮನಿಗೆ 74. ಅವರ ಮನೆಯ ಟಿವಿ ಧಾರಾವಾಹಿ ಮೂರನೇ ಮನೆಯವರಿಗೂ ಕೇಳಿಸುತ್ತದೆ. ‘ವಿಕಲಚೇತನರ ಕಾರ್ಡಿಗೆ ಅರ್ಜಿ ಹಾಕೋಣ, ದೊಡ್ಡಮ್ಮ’ ಅಂದೆ. ಎರಡು ಸಲ ಕೂಗಿದ ಮೇಲೆ ಕೇಳಿಸಿತು. ‘ನಾನೇನು ವಿಕಲಚೇತನಳೇನೋ? ತಲೆ ನೆಟ್ಟಗಿದೆ ಕಣೋ ನಂಗೆ!’ ಅಂತ ಎದ್ದು ಒಳಗೆ ಹೋದರು. ಸಮಾಸದ ಹೆಸರೂ ಕೇಳದ ದೊಡ್ಡಮ್ಮ ಬಹುವ್ರೀಹಿಯನ್ನು ತಪ್ಪಿಲ್ಲದೆ ಬಿಡಿಸಿದ್ದರು.

2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ವಿಕಲತೆ ಇರುವವರು ಸುಮಾರು 13 ಲಕ್ಷ ಅಂತ ಬಂತು. ಬಾಗಿಲಿಗೆ ಬಂದ ಗಣತಿಯವರಿಗೆ ನಮ್ಮ ದೊಡ್ಡಮ್ಮನಂಥವರು ಏನು ಉತ್ತರ ಕೊಟ್ಟಿರಬಹುದು ಅಂತ ನಾನು ಯೋಚಿಸುತ್ತಿರುತ್ತೇನೆ.

ವಯಸ್ಸಾದ್ದಕ್ಕೇ ಅಂತ ಇರುವ ಸವಲತ್ತು ಬೇರೆ, ಫ್ಲೆಕ್ಸ್ ಬರೆದವರು ಇದನ್ನೂ ಗಮನಿಸಬೇಕು. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ 60 ದಾಟಿದ ಬಡವರಿಗೆ ಕಿವಿ ಮಷೀನು, ಕನ್ನಡಕ, ಊರುಗೋಲು, ಹಲ್ಲಿನ ಸೆಟ್ ಕೊಡಿಸುತ್ತದೆ. 14567 ಅನ್ನುವುದು ಹಿರಿಯರ ಸಹಾಯವಾಣಿ. ವಿಕಲತೆಯ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಇನ್ನೊಂದು ದಾರಿ, ಅದಕ್ಕೆ ಹಳ್ಳಿಗಳಲ್ಲಿ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಹಿಡಿದರೆ ಕೆಲಸ ಸಲೀಸು. ಒಬ್ಬರಿಗೆ ಎರಡೂ ಸಲ್ಲಬಹುದು. ಎರಡೂ ಒಂದೇ ಅಲ್ಲ. ಇನ್ನು ಅರ್ಜಿಯಲ್ಲಿ ‘ವಿಕಲಚೇತನ’ ಅಂತಲೇ ಇರುತ್ತದೆ, ರಾಜ್ಯದ ಇಲಾಖೆಯ ಹೆಸರಿನಲ್ಲೇ ಆ ಪದವಿದೆ. ಅಲ್ಲಿ ಸಮಾಸ ಬಿಡಿಸುತ್ತಾ ನಿಲ್ಲಬೇಡಿ, ಹಿಂದೆ ಕ್ಯೂ ಇರುತ್ತದೆ. ಬಹಳ ಜನ ತಮ್ಮನ್ನೇ ಆ ಪದದಿಂದ ಕರೆದುಕೊಳ್ಳುತ್ತಾರೆ, ಅದು ಅವರ ಹಕ್ಕು.

ದೊಡ್ಡಮ್ಮನ ವಿಷಯಕ್ಕೆ ಬಂದರೆ, ಮುಂದಿನ ಸಲ ನಾನು ಪದವನ್ನೇ ಎತ್ತಲಿಲ್ಲ. ‘ಕಿವಿ ತೋರಿಸ್ಕೊಂಡು ಬರೋಣ’ ಅಂದೆ, ಹೊರಟರು. ಮೊದಲು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಆಮೇಲೆ ಮೂರು ಕಡೆ ಓಡಾಟ. ಕೊನೆಗೆ ಹಳದಿ ಪಟ್ಟಿಯ ಕಾರ್ಡು ಬಂತು. ಕನ್ನಡಕ ಹುಡುಕುವ ಬದಲು ಕಾರ್ಡನ್ನು ನನ್ನ ಕೈಗಿಟ್ಟು ‘ಏನಂತ ಬರೆದಿದಾರೋ?’ ಅಂದರು.

‘ನಿಮಗೆ ಕಿವಿ ಕೇಳ್ಸಲ್ಲ ಅಂತ’ ಅಂದೆ.

‘ಆಂ?’

ಇನ್ನೂ ಜೋರಾಗಿ ಹೇಳಿದೆ.

‘ಇಷ್ಟಕ್ಕೆ ನಾಲ್ಕು ಕಡೆ ಓಡಾಡಿಸಿದ್ಯಾ? ನನ್ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ!’ ಅಂದು ಟಿವಿ ಹಾಕಿದರು.