ತುಕ್ಕು ಹಿಡಿದ ಕ್ಷೌರದ ಕತ್ತಿ: ಎಷ್ಟು ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು

ಇಂಗ್ಲೆಂಡಿನ ಶೆಫೀಲ್ಡ್ ಅಥವಾ ಜರ್ಮನಿಯ ಸೋಲಿಂಗೆನ್ ಊರಿನ ಮುದ್ರೆಯ ಹಳೆಯ ಮಡಚುವ ಕ್ಷೌರದ ಕತ್ತಿಗಳು ಹಳೆ ಸಾಮಾನಿನ ಸಂತೆಗಳಲ್ಲಿ ಈಗಲೂ ಅಗ್ಗಕ್ಕೆ ಸಿಗುತ್ತವೆ. ಕೊಂಡವರಿಗೆ ಮೊದಲು ಹೊಳೆಯುವ ಉಪಾಯ, ಅದನ್ನು ಬಫಿಂಗ್ ಚಕ್ರಕ್ಕೆ, ಅಂದರೆ ಗರಗರ ತಿರುಗುತ್ತ ಹೊಳಪು ಕೊಡುವ ಯಂತ್ರಕ್ಕೆ ಹಿಡಿಯುವುದು. ನೂರು ವರ್ಷದ ತುಕ್ಕು ಮಾಡದ ಹಾನಿಯನ್ನು ಆ ಚಕ್ರ ಅರ್ಧ ನಿಮಿಷದಲ್ಲಿ ಮಾಡಿಬಿಡುತ್ತದೆ.

ಈ ಕತ್ತಿಗಳ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 1, ಇಲ್ಲವೇ ತುಸು ಹೆಚ್ಚು. ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದಾಗ ಇಂಗಾಲದ ಪರಮಾಣುಗಳು ಕಬ್ಬಿಣದ ಜಾಲದೊಳಗೆ ಸಿಕ್ಕಿಕೊಂಡು ಲೋಹ ಬಿರುಸಾಗುತ್ತದೆ; ಜೊತೆಗೆ ಪೆಡಸೂ ಆಗುತ್ತದೆ. ಆ ಪೆಡಸುತನ ತಗ್ಗಲೆಂದು ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಮತ್ತೆ ಕಾಯಿಸಿ ಹದ ಮಾಡುತ್ತಾರೆ. ಆಮೇಲೆ ಎಂದಾದರೂ ಶಾಖ ಆ ಮಟ್ಟ ಮೀರಿತೋ, ಹದ ಹೋಯಿತು. ಅಲಗಿನ ಬಾಯಿ ಎಷ್ಟು ತೆಳುವೆಂದರೆ ಚಕ್ರದ ಉಜ್ಜಾಟದಿಂದ ಹುಟ್ಟಿದ ಬಿಸಿ ಹರಿದುಹೋಗಲು ಅಲ್ಲಿ ಲೋಹವೇ ಇಲ್ಲ. ಅಂಚಿನಲ್ಲಿ ಒಣಹುಲ್ಲಿನ ಬಣ್ಣ ಕಂಡರೆ ಸುಮಾರು 230 ಡಿಗ್ರಿ ದಾಟಿದೆ, ನೀಲಿ ಕಂಡರೆ 300ರ ಹತ್ತಿರ. ನೀಲಿಯಾದ ಜಾಗ ಮತ್ತೆ ಹರಿತ ಹಿಡಿದು ನಿಲ್ಲುವುದಿಲ್ಲ. ಹಾಗಾಗಿ ಇದು ಕೈಕೆಲಸವೇ.

ಕೊಳ್ಳುವಾಗಲೇ ಬಾಯನ್ನು ಬೆಳಕಿಗೆ ಹಿಡಿದು ನೋಡಿ. ಎಣ್ಣೆ ಸವರಿ ಒರೆಸಿದ ಮೇಲೂ ಒಂದು ಗೆರೆಯಿಂದ ಎಣ್ಣೆ ಜಿನುಗಿದರೆ ಅದು ಬಿರುಕು. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ. ಕಪ್ಪು ಕಲೆಗಳಿಗೆ ಹೆದರಬೇಕಿಲ್ಲ. ಕೆಂಪು ತುಕ್ಕು ಕೊರೆದ ಕುಳಿಗಳು ಬಾಯಿಯ ತನಕ ಇಳಿದಿದ್ದರೆ ಮಾತ್ರ ಕಷ್ಟ: ಸಾಣೆ ಹಿಡಿದಾಗ ಕುಳಿಯೇ ಅಂಚಿಗೆ ಬಂದು ಚಕ್ಕೆ ಏಳುತ್ತದೆ. ಇನ್ನು ಅಲಗಿನ ಮೇಲಿನ ಬರಹ. 'ಸಿಲ್ವರ್ ಸ್ಟೀಲ್' ಎಂದಿದ್ದ ಮಾತ್ರಕ್ಕೆ ಒಳಗೆ ಬೆಳ್ಳಿ ಇದೆಯೆಂದು ನಂಬಬೇಡಿ. ಭಾರತದ ವೂಟ್ಜ್ ಉಕ್ಕಿನ ಗುಟ್ಟು ಹುಡುಕುತ್ತ ಮೈಕೆಲ್ ಫ್ಯಾರಡೆ ಮತ್ತು ಕತ್ತಿ ತಯಾರಕ ಜೇಮ್ಸ್ ಸ್ಟೊಡಾರ್ಟ್ 1820ರ ಸುಮಾರಿಗೆ ಉಕ್ಕಿಗೆ 500ರಲ್ಲೊಂದು ಪಾಲು ಬೆಳ್ಳಿ ಬೆರೆಸಿ ನೋಡಿದ್ದರು. ಆಮೇಲೆ ಆ ಹೆಸರು ವ್ಯಾಪಾರದ ಮಾತಾಗಿ ಉಳಿಯಿತು.

ಹಿಡಿ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನದಾದರೆ ಎಚ್ಚರ ಬೇಕು. ಹಳತಾದ ಸೆಲ್ಯುಲಾಯ್ಡ್ ಕೊಳೆಯುತ್ತ ನೈಟ್ರೋಜನ್ ಆಕ್ಸೈಡ್ ಅನಿಲ ಬಿಡುತ್ತದೆ. ಗಾಳಿಯ ತೇವ ಸೇರಿದರೆ ಅದು ನೈಟ್ರಿಕ್ ಆಮ್ಲ. ಮಡಚಿದಾಗಲೂ ಹಿಡಿಯ ಹೊರಗೇ ಉಳಿಯುವ ಕತ್ತಿಯ ಹಿಂಬಾಲ ಸ್ವಚ್ಛವಾಗಿದ್ದು, ಮಡಚಿದಾಗ ಹಿಡಿಯೊಳಗೆ ಕೂರುವ ಭಾಗಕ್ಕಷ್ಟೇ ತುಕ್ಕು ಹತ್ತಿದ್ದರೆ, ಹಿಡಿಯ ಒಳಮೈಯಲ್ಲಿ ಸಣ್ಣ ಸೀಳುಗಳ ಬಲೆ ಕಂಡರೆ, ಕಾರಣ ಇದೇ. ಅಂಥ ಹಿಡಿಯನ್ನು ತೆಗೆದೇ ಹಾಕಬೇಕು. ಬೆಂಕಿಯ ಹತ್ತಿರ ಒಯ್ಯಬೇಡಿ, ಭಗ್ಗನೆ ಉರಿಯುತ್ತದೆ. ಹಿತ್ತಾಳೆ ರಿವೆಟ್ಟಿನ ತಲೆಯನ್ನು ಸಣ್ಣ ಅರದಿಂದ ಉಜ್ಜಿ, ಪಂಚ್ ಇಟ್ಟು ಮೆಲ್ಲಗೆ ತಟ್ಟಿದರೆ ಅದು ಹೊರಬರುತ್ತದೆ. ಹೊಸದಕ್ಕೆ 1.6 ಮಿ.ಮೀ. ಹಿತ್ತಾಳೆ ಕಡ್ಡಿ, ಎರಡೂ ಕಡೆ ವಾಷರ್, ಹೊರಗೆ ಸುಮಾರು 1 ಮಿ.ಮೀ. ತುದಿ ಸಾಕು. ಹಳೆಯ ಹಿಡಿಗಳ ತುದಿಯ ಬೆಣೆ ಎಷ್ಟೋ ಸಲ ಸೀಸದ್ದಾಗಿರುತ್ತದೆ, ಅದನ್ನು ಒಣಗಿದ್ದಾಗ ಉಜ್ಜಿ ಪುಡಿ ಎಬ್ಬಿಸಬಾರದು.

ಅಲಗನ್ನು ಒಂದು ರಾತ್ರಿ ಸೀಮೆಎಣ್ಣೆಯಲ್ಲೋ ತೆಳು ಯಂತ್ರದ ಎಣ್ಣೆಯಲ್ಲೋ ನೆನೆಹಾಕಿ, ಬಾಯಿಗೆ ಟೇಪ್ ಸುತ್ತಿ, ಅತಿ ನವಿರಾದ ಸ್ಟೀಲ್ ವುಲ್‌ನಿಂದ ಉಜ್ಜಿ. ವಿನಿಗರ್ ಬೇಡ, ತುಕ್ಕಿನ ಜೊತೆ ಒಳ್ಳೆಯ ಉಕ್ಕನ್ನೂ ತಿಂದು ಮೈಯನ್ನು ಬೂದು ಮಾಡುತ್ತದೆ. ಉಳಿದದ್ದಕ್ಕೆ 600, 1000, 2000 ನಂಬರಿನ ವಾಟರ್ ಪೇಪರ್ (ನಂಬರು ಹೆಚ್ಚಿದಷ್ಟೂ ನವಿರು) ಒದ್ದೆ ಮಾಡಿ, ಬೆನ್ನಿನಿಂದ, ಅಂದರೆ ಬಾಯಿಯ ಎದುರಿನ ದಪ್ಪ ಅಂಚಿನಿಂದ, ಬಾಯಿಯ ಕಡೆಗೆ ಎಳೆಯಿರಿ. ಚಿನ್ನದ ಬರಹವಿದ್ದರೆ ಆ ಜಾಗ ಮುಟ್ಟಬೇಡಿ, ಅದರ ಲೇಪ ಬೆರಳಿನ ಉಜ್ಜಿಗೂ ಹೋಗುವಷ್ಟು ತೆಳು. ಕುಳಿಗಳೆಲ್ಲ ಮಾಯವಾಗಲಿ ಎಂಬ ಹಟ ಬೇಡ.

ಏಕೆಂದರೆ ಬೆನ್ನಿನ ದಪ್ಪವೇ ಬಾಯಿಯ ಕೋನವನ್ನು ತೀರ್ಮಾನಿಸುತ್ತದೆ. ಸಾಣೆಕಲ್ಲಿನ ಮೇಲೆ ಕತ್ತಿ ಮಲಗಿದಾಗ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗುತ್ತವೆ. ಅಗಲ 16 ಮಿ.ಮೀ., ಬೆನ್ನು 4.5 ಮಿ.ಮೀ. ಇದ್ದರೆ ಕೋನ ಸುಮಾರು 16 ಡಿಗ್ರಿ. ಹೊಳಪಿನ ಆಸೆಗೆ ಬೆನ್ನನ್ನು 4 ಮಿ.ಮೀ.ಗೆ ಇಳಿಸಿದರೆ ಕೋನ 14ರ ಹತ್ತಿರ ಬರುತ್ತದೆ, ಬಾಯಿ ಪುಡಿಪುಡಿಯಾಗಿ ಉದುರುತ್ತದೆ. ಆಗಲೇ ಸವೆದ ಬೆನ್ನಿಗೆ ಒಂದು ಪದರ ಇನ್ಸುಲೇಷನ್ ಟೇಪ್ ಅಂಟಿಸಿದರೆ ಸುಮಾರು ಒಂದು ಡಿಗ್ರಿ ಮರಳಿ ಬರುತ್ತದೆ.

ಸಾಣೆಗೆ ಮೊದಲು 1000 ನಂಬರಿನ ಕಲ್ಲು, ನಂತರ 4000ದ್ದು, 8000ದ್ದು, ಕೊನೆಗೆ 12000ದ್ದು. ಕಲ್ಲು ಸಮತಟ್ಟಾಗಿರಬೇಕು, ಬಾಯಿ ಮುಂದೆ, ಒತ್ತಡ ಕತ್ತಿಯ ತೂಕದಷ್ಟೇ. ಅಂಚಿನ ಓರೆಗೆ, ಅಂದರೆ ಬಾಯಿಯ ಎರಡೂ ಬದಿಯಲ್ಲಿ ಕಲ್ಲಿಗೆ ತಾಗುವ ಕಿರಿದಾದ ಇಳಿಜಾರಿಗೆ, ಮಾರ್ಕರ್ ಬಳಿದು ನಾಲ್ಕು ಸಲ ಎಳೆದರೆ ಕಲ್ಲು ಎಲ್ಲಿ ತಾಗುತ್ತಿಲ್ಲ ಎಂದು ಉಳಿದ ಮಸಿಯೇ ತೋರಿಸುತ್ತದೆ. 1000ದ ಹಂತದಲ್ಲಿ ಎರಡೂ ಬದಿಯ ಓರೆಗಳು ಉದ್ದಕ್ಕೂ ಕೂಡದಿದ್ದರೆ ಮುಂದಿನ ಕಲ್ಲುಗಳು ದಂಡ, ಬಹುಪಾಲು ಸೋಲು ಇಲ್ಲೇ.

ಕಡೆಗೆ ಚರ್ಮದ ಪಟ್ಟಿ, ಬೆನ್ನು ಮುಂದಾಗಿ ಐವತ್ತು ಸಲ. ಉಕ್ಕಿಗಿಂತ ಕೂದಲು ಸುಮಾರು 50 ಪಟ್ಟು ಮೆದು. ಆದರೂ ಬ್ಲೇಡ್ ಯಾಕೆ ಮೊಂಡಾಗುತ್ತದೆ? ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಈಗಿನ ಬ್ಲೇಡುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ 2020ರಲ್ಲಿ ಉತ್ತರ ಕೊಟ್ಟರು: ಬಾಗಿದ ಕೂದಲು ಅಂಚಿನ ದುರ್ಬಲ ಬಿಂದುವಿಗೆ ಓರೆಯಾಗಿ ಒತ್ತಿದಾಗ ಸಣ್ಣ ಚಕ್ಕೆ ಏಳುತ್ತದೆ. ಕೂದಲನ್ನು ಬಿಸಿನೀರು, ಸೋಪಿನಲ್ಲಿ ಚೆನ್ನಾಗಿ ನೆನೆಸಿ, ಕತ್ತಿಯನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿಯಿರಿ. ಬಳಸುವ ಮುನ್ನ ಶೇ. 70ರ ಆಲ್ಕೋಹಾಲ್‌ನಿಂದ ಒರೆಸಿ. ಒಬ್ಬರ ಕತ್ತಿ ಇನ್ನೊಬ್ಬರಿಗೆ ಬೇಡ, ಹೆಪಟೈಟಿಸ್ ಬಿ ಹರಡಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಮುಗಿದ ಮೇಲೆ ಒಣಗಿಸಿ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿಡಿ. ಕರಾವಳಿಯ ಮಳೆಗಾಲದಲ್ಲಂತೂ ಸ್ನಾನದ ಮನೆಯಲ್ಲಿ ಇಡಲೇಬೇಡಿ.