ಇನ್‌ಲೈನ್ ರೀಲ್ ಹಾಕಿದರೂ ಜಿಗ್ ತಿರುಗುವುದೇಕೆ?

"ಹೊಸ ಇನ್‌ಲೈನ್ ರೀಲ್ ಹಾಕಿದ್ದೀನಿ, ಆದ್ರೂ ಜಿಗ್ ಗಿರಗಿರ ತಿರುಗ್ತಿದೆ. ರೀಲೇ ಡಿಫೆಕ್ಟ್ ಇರ್ಬೇಕು." ಅಮೆರಿಕದ ಮಿನ್ನೆಸೋಟದ ಕೆರೆಗಳು ಹೆಪ್ಪುಗಟ್ಟಿ, ತೂತು ಕೊರೆದು ಬ್ಲೂಗಿಲ್ ಎಂಬ ಸಿಹಿನೀರಿನ ಮೀನು ಹಿಡಿಯುವವರು ಮಂಜುಗಡ್ಡೆಯ ಮೇಲೆ ಇಳಿದರೆಂದರೆ ಈ ದೂರೂ ಅವರ ಹಿಂದೆಯೇ ಬರುತ್ತದೆ. ರೀಲ್ ಎಂದರೆ ಗಾಳದ ದಾರ ಸುತ್ತುವ ಯಂತ್ರ, ಜಿಗ್ ಎಂದರೆ ದಾರದ ತುದಿಗೆ ಕಟ್ಟುವ ಕೊಕ್ಕೆಯಿರುವ ಪುಟ್ಟ ಲೋಹದ ಗುಂಡು. ರೀಲ್ ಬಿಚ್ಚಿ ನೋಡಿದರೆ ಬಹುತೇಕ ಸಲ ಅದರಲ್ಲಿ ಯಾವ ದೋಷವೂ ಇರುವುದಿಲ್ಲ. ದೋಷವಿರುವುದು ದಾರ ತುಂಬಿಸಿದ ರೀತಿಯಲ್ಲಿ, ಜಿಗ್ ಕಟ್ಟಿದ ಗಂಟಿನಲ್ಲಿ, ಕೊಕ್ಕೆಗೆ ಏರಿಸಿದ ಎರೆಯಲ್ಲಿ. ಇನ್‌ಲೈನ್ ರೀಲ್ ದಾರಕ್ಕೆ ಹೊಸದಾಗಿ ಹುರಿ ಹಾಕುವುದಿಲ್ಲ, ಅಷ್ಟೆ. ದಾರದಲ್ಲಿ ಆಗಲೇ ಕೂತಿರುವ ಹುರಿಯನ್ನು ತೆಗೆಯುವ ಶಕ್ತಿ ಅದಕ್ಕಿಲ್ಲ. ಇಷ್ಟು ಮನಸ್ಸಿಗೆ ಬಂದರೆ ಅರ್ಧ ಕೆಲಸ ಮುಗಿದಂತೆ. ಆದರೆ ಬರುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆಯಬೇಕಾಗಿದೆ.

ಇನ್‌ಲೈನ್ ರೀಲಿನಲ್ಲಿ ದಾರ ಸುತ್ತಿರುವ ಸ್ಪೂಲ್ ಬಾವಿಯ ರಾಟೆಯ ಹಾಗೆ ತಾನೇ ಉರುಳುತ್ತದೆ, ದಾರ ನೇರ ಬಂದು ನೇರ ಹೋಗುತ್ತದೆ. ಸ್ಪಿನ್ನಿಂಗ್ ರೀಲಿನಲ್ಲಿ ಸ್ಪೂಲ್ ನಿಂತಿರುತ್ತದೆ, ಬೇಲ್ ಎಂಬ ತಂತಿ ದಾರವನ್ನು ಅದರ ಸುತ್ತ ಸುತ್ತುತ್ತದೆ. ಪ್ರತಿ ಸುತ್ತಿಗೆ ದಾರದೊಳಗೆ ಒಂದು ಹುರಿ ಸೇರುತ್ತದೆ. ಬೇಲ್ ತೆರೆದು ಜಿಗ್ ಇಳಿಬಿಟ್ಟರೆ ಅದೇ ಹುರಿ ಬಿಚ್ಚಿಕೊಳ್ಳುತ್ತದೆ, ಲೆಕ್ಕ ಸಮವಾಗುತ್ತದೆ. ಆದರೆ ಮಂಜುಗಡ್ಡೆಯ ಮೇಲೆ ಯಾರೂ ಹಾಗೆ ಮಾಡುವುದಿಲ್ಲ. ಇನ್ನರ್ಧ ಅಡಿ ಕೆಳಗೆ ಬೇಕೆಂದು ಡ್ರ್ಯಾಗಿನ (ಎಳೆತ ಜೋರಾದಾಗ ಸ್ಪೂಲನ್ನು ಜಾರಲು ಬಿಡುವ ಬ್ರೇಕು) ಮೇಲೆ ದಾರ ಎಳೆಯುತ್ತಾರೆ, ಮೀನು ಡ್ರ್ಯಾಗ್ ಜಾರಿಸುತ್ತಿರುವಾಗಲೂ ಹಿಡಿಕೆ ತಿರುಗಿಸುತ್ತಾರೆ. ಲೆಕ್ಕ ತಪ್ಪುವುದು ಅಲ್ಲಿಯೇ, ತಪ್ಪಿದ್ದು ದಿನದಿನಕ್ಕೆ ಕೂಡುತ್ತ ಹೋಗುತ್ತದೆ. ಇನ್‌ಲೈನ್ ರೀಲಿನಲ್ಲಿ ಡ್ರ್ಯಾಗ್ ಎಷ್ಟು ಜಾರಿದರೂ ಹುರಿ ಬೀಳದು. ಅದರ ಲಾಭ ಇರುವುದು ಇದರಲ್ಲಿ.

ಇಷ್ಟೆಲ್ಲ ಯಾಕೆಂದರೆ ಚಳಿಗಾಲದ ಬ್ಲೂಗಿಲ್ ದುಡುಕುವ ಮೀನಲ್ಲ. ಜಿಗ್‌ನ ಮೂತಿಗೆ ಎರಡಂಗುಲ ದೂರ ಬಂದು ನಿಂತು ದಿಟ್ಟಿಸುತ್ತದೆ. ನೀರಿನೊಳಗಿನ ಮೀನು, ಜಿಗ್ ತೋರಿಸುವ ಫ್ಲ್ಯಾಷರ್ ಎಂಬ ಸೋನಾರ್ ಯಂತ್ರದಲ್ಲಿ ಮೀನಿನ ಗುರುತು ಮೇಲೆ ಬಂದು, ಜಿಗ್‌ನ ಗುರುತಿಗೆ ತಾಕುವಂತೆ ನಿಂತು, ಮತ್ತೆ ಕೆಳಗೆ ಜಾರಿದ್ದು ಕಂಡರೆ ಅದು ನೋಡಿ ಬೇಡವೆಂದು ಹೋಯಿತೆಂದೇ ಅರ್ಥ. ನಿಂತಲ್ಲೇ ಸುತ್ತುವ ಹುಳು ನೀರಿನಲ್ಲಿ ಇರುವುದಿಲ್ಲ. ಕ್ರಾಪಿ, ಪರ್ಚ್ ಮೀನುಗಳು ಸ್ವಲ್ಪ ಉದಾರಿಗಳು. ಬ್ಲೂಗಿಲ್, ಅದರಲ್ಲೂ ದೊಡ್ಡದು, ಕ್ಷಮಿಸುವುದಿಲ್ಲ. 1/16 ಔನ್ಸಿನ ಸ್ಪೂನ್ (ಚಮಚದಂಥ ಹೊಳೆಯುವ ಲೋಹದ ಗಾಳ) ತಿರುಗಿದರೆ ಅದನ್ನು ಹೊಳಪು ಎನ್ನಬಹುದು. ಸುಮಾರು 1/64 ಔನ್ಸಿನ, ಅಂದರೆ ಅರ್ಧ ಗ್ರಾಮಿಗೂ ಕಡಿಮೆ ತೂಕದ 3 ಮಿ.ಮೀ. ಟಂಗ್‌ಸ್ಟನ್ ಜಿಗ್ ತಿರುಗಿದರೆ ಕೆಟ್ಟಿತು.

ಈಗ ದಾರ ತುಂಬಿಸುವ ವಿಷಯ. ಸ್ಪಿನ್ನಿಂಗ್ ರೀಲಿಗೆ ತುಂಬಿಸುವಾಗ ಹೊಸ ದಾರದ ಉರುಳೆಯನ್ನು ಲೇಬಲ್ ಮೇಲಾಗಿ ನೆಲದ ಮೇಲೆ ಮಲಗಿಸಿ ಎಂದು ಎಲ್ಲರಿಗೂ ಹೇಳಿಕೊಟ್ಟಿರುತ್ತಾರೆ. ಅಲ್ಲಿ ಅದು ಸರಿ: ಉರುಳೆಯಿಂದ ಸುರುಳಿಯಾಗಿ ಬರುವ ಹುರಿಯೂ ಬೇಲ್ ಹಾಕುವ ಹುರಿಯೂ ಎದುರುಬದುರಾಗಿ ಕಳೆದುಹೋಗುತ್ತವೆ. ಅದೇ ಅಭ್ಯಾಸದಲ್ಲಿ ಇನ್‌ಲೈನ್ ರೀಲಿಗೂ ಮಲಗಿಸಿ ತುಂಬಿಸುತ್ತಾರೆ. ಇಲ್ಲಿ ಕಳೆಯಲು ಎದುರಿಗೆ ಏನೂ ಇಲ್ಲ, ಬಂದ ಹುರಿಯೆಲ್ಲ ದಾರದಲ್ಲೇ ಉಳಿಯುತ್ತದೆ. ಲೆಕ್ಕ ಹಾಕಿ: 7 ಸೆಂ.ಮೀ. ಅಡ್ಡಳತೆಯ ಉರುಳೆಯ ಸುತ್ತಳತೆ ಸುಮಾರು 22 ಸೆಂ.ಮೀ. ಒಂದು ಸುರುಳಿಗೆ ಒಂದು ಹುರಿಯಂತೆ 30 ಮೀಟರಿಗೆ 130ಕ್ಕೂ ಹೆಚ್ಚು. 15 ಅಡಿ ನೀರಿಗೆ ಇಳಿಸಿದ ದಾರದಲ್ಲಿ ಸುಮಾರು 20. ಆ ಇಪ್ಪತ್ತೂ ಬಿಚ್ಚಿಕೊಳ್ಳಬೇಕಾದರೆ ಸುತ್ತಬೇಕಾದದ್ದು ನಿಮ್ಮ ಜಿಗ್.

ಸರಿಯಾದ ಕ್ರಮ ಇದು. ಉರುಳೆಯ ತೂತಿಗೆ ಪೆನ್ಸಿಲ್ ತೂರಿಸಿ ಇನ್ನೊಬ್ಬರ ಕೈಗೆ ಕೊಡಿ. ಉರುಳೆ ಗಾಲಿಯಂತೆ ಉರುಳಬೇಕು. ಅದರಲ್ಲಿ ದಾರ ಯಾವ ಕಡೆಗೆ ಬಾಗಿದೆಯೋ ರೀಲಿನ ಸ್ಪೂಲಿನ ಮೇಲೂ ಅದೇ ಕಡೆಗೆ ಬಾಗಿ ಕೂರಲಿ. ಒದ್ದೆ ಬಟ್ಟೆಯಲ್ಲಿ ದಾರವನ್ನು ಹಗುರವಾಗಿ ಹಿಡಿದು ನಿಧಾನಕ್ಕೆ ಸುತ್ತಿ. ಅದಕ್ಕೂ ಮೊದಲು ಸ್ಪೂಲಿನ ತಳಕ್ಕೆ ಒಂದು ಸುತ್ತು ಇನ್ಸುಲೇಶನ್ ಟೇಪ್ ಹಾಕಿ, ಅದರ ಮೇಲೆ 6 ಪೌಂಡ್ ಭಾರ ತಾಳುವ ಹಳೆಯ ದಾರ ಸುತ್ತಿ. ಟೇಪ್ ಇಲ್ಲದಿದ್ದರೆ ಫ್ಲೂರೋಕಾರ್ಬನ್ ದಾರದ ಇಡೀ ಸುರುಳಿಯೇ ಸ್ಪೂಲಿನ ಮೇಲೆ ಜಾರುತ್ತದೆ. ಜನ ಡ್ರ್ಯಾಗ್ ಕೆಟ್ಟಿತೆಂದು ತಿಳಿದು ತಿರುಪು ಬಿಗಿಸುತ್ತ ಕೂರುತ್ತಾರೆ. ಮೇಲಿನ 30 ಮೀಟರ್ ಹೊಸ 2 ಅಥವಾ 3 ಪೌಂಡಿನ ದಾರ, ಅಂಚಿಗೆ 2-3 ಮಿ.ಮೀ. ಬಾಕಿ ಇರುವಷ್ಟು. ಸ್ಪೂಲ್ ತುಂಬಿದ್ದಷ್ಟೂ ಸುರುಳಿ ದೊಡ್ಡದಾಗುತ್ತದೆ, ಸುರುಳಿ ದೊಡ್ಡದಾದಷ್ಟೂ ಚಳಿಯಲ್ಲಿ ದಾರ ನೇರ ನಿಲ್ಲುತ್ತದೆ. ಅರ್ಧ ಗ್ರಾಮಿನ ಜಿಗ್ ಸುರುಳಿಯನ್ನು ಎಳೆದು ನೆಟ್ಟಗೆ ಮಾಡಲಾರದು, ದಾರದಲ್ಲಿ ಸುರುಳಿ ಉಳಿದರೆ ಕಚ್ಚಿದ್ದೂ ತಿಳಿಯದು. ದಯವಿಟ್ಟು ಹಳೆಯ ಸ್ಪಿನ್ನಿಂಗ್ ರೀಲಿನ ದಾರವನ್ನು ಇದಕ್ಕೆ ವರ್ಗಾಯಿಸಬೇಡಿ. ಅದರ ಹುರಿಯನ್ನೂ ಜೊತೆಗೇ ವರ್ಗಾಯಿಸಿದಂತಾಗುತ್ತದೆ.

ಇಷ್ಟು ಮಾಡಿಯೂ ತಿರುಗಿದರೆ ಮೊದಲು ಹೇಗೆ ತಿರುಗುತ್ತಿದೆ ನೋಡಿ. ಮಂಜುಗಡ್ಡೆಯ ತೂತಿನಲ್ಲಿ ಜಿಗ್ ಅನ್ನು ಎರಡಡಿ ಇಳಿಸಿ, ಗಾಳದ ಕಡ್ಡಿ ಅಲುಗಿಸದೆ ಬಗ್ಗಿ ನೋಡಿದರೆ ಸಾಕು. ಒಂದು ಕಡೆಗೆ ಸುತ್ತಿ, ನಿಧಾನವಾಗಿ, ನಿಂತು, ಹಿಂದಕ್ಕೆ ಸುತ್ತಿದರೆ ಅದು ದಾರದ ಹುರಿ. ಕಾಲು ಔನ್ಸಿನ ಗುಂಡು ಕಟ್ಟಿ ತಳದವರೆಗೆ ಇಳಿಸಿ ನಾಲ್ಕೈದು ನಿಮಿಷ ಬಿಡಿ, ಬಿಚ್ಚಿಕೊಳ್ಳುತ್ತದೆ. ಮೇಲೆಳೆಯುವಾಗ ಮಾತ್ರ ಸುತ್ತಿ, ನಿಲ್ಲಿಸಿದಾಗ ನಿಂತರೆ ಎರೆ ಸೊಟ್ಟಗಿದೆ. ನಿಲ್ಲದೆ ಒಂದೇ ದಿಕ್ಕಿಗೆ ಮೆಲ್ಲಗೆ ಸುತ್ತುತ್ತಲೇ ಇದ್ದರೆ ಮಂಜುಗಡ್ಡೆಯ ಕೆಳಗೆ ನೀರಿನ ಸೆಳೆತವಿದೆ. ಉದ್ದ ಪ್ಲಾಸ್ಟಿಕ್ ಎರೆ ತೆಗೆದು ಗಿಡ್ಡದ್ದು ಹಾಕಿ. ಈ ಮೂರಕ್ಕೂ ರೀಲ್ ಬದಲಾಯಿಸುವುದು ಮದ್ದಲ್ಲ.

ಸೊಟ್ಟ ಎರೆಯ ಕಾಟ ಮುಗಿಯುವಂಥದ್ದಲ್ಲ. ಮಂಜುಗಡ್ಡೆಯ ಮೀನುಗಾರ ಡೇವ್ ಗೆನ್ಜ್ 1980ರ ದಶಕದಲ್ಲಿ ಸ್ಲೆಡ್ (ಜಾರುಬಂಡಿ) ಮೇಲೆ ಮಡಚುವ ಫಿಶ್ ಟ್ರ್ಯಾಪ್ ಗುಡಾರ ತಂದ ಮೇಲೆ ಮಿನ್ನೆಸೋಟದಲ್ಲಿ ಜನ ಒಂದೇ ತೂತಿನ ಮುಂದೆ ದಿನವಿಡೀ ಕೂರುವುದನ್ನು ಬಿಟ್ಟು ತೂತಿನಿಂದ ತೂತಿಗೆ ಓಡಾಡತೊಡಗಿದರು. ಅದು ಒಳ್ಳೆಯದೇ. ಆದರೆ ಪ್ರತಿ ತೂತಿನಲ್ಲೂ ಜಿಗ್ ಇಳಿಸಿ, ಮೀನಿಲ್ಲವೆಂದು ಸರಸರ ಸುತ್ತಿ ಎಳೆದರೆ, ಸೊಟ್ಟ ಪ್ಲಾಸ್ಟಿಕ್ ಪ್ರತಿ ಎಳೆತಕ್ಕೂ ದಾರಕ್ಕೆ ಹುರಿ ಹಾಕುತ್ತದೆ. ಬೆಳಿಗ್ಗೆ ಸರಿಯಿದ್ದ ದಾರ ಮಧ್ಯಾಹ್ನಕ್ಕೆ ಕೆಡುವುದು ಹೀಗೆ. ಪ್ಲಾಸ್ಟಿಕ್ಕನ್ನು ಕೊಕ್ಕೆಗೆ ತೊಡಿಸಿದ ಮೇಲೆ ಎದುರಿನಿಂದಲೂ ಮೇಲಿನಿಂದಲೂ ನೋಡಿ, ಬಾಲ ಕೊಕ್ಕೆಯ ಗೆರೆಯಲ್ಲೇ ಇರಬೇಕು. ಕೂದಲೆಳೆಯಷ್ಟು ಸೊಟ್ಟವಿದ್ದರೂ ತೆಗೆದು ಮತ್ತೆ ತೊಡಿಸಿ. ವ್ಯಾಕ್ಸ್‌ವರ್ಮ್ ಎಂಬ ಹುಳುವಾದರೆ ಉದ್ದಕ್ಕೆ ಪೋಣಿಸಿ, ಅಡ್ಡ ಚುಚ್ಚಬೇಡಿ. ಎಳೆಯುವಾಗ ಆತುರ ಬೇಡ.

ಗಂಟಿನ ಮಾತು. ಈ ಜಿಗ್‌ಗಳಲ್ಲಿ ದಾರ ಕಟ್ಟುವ ಕಣ್ಣು ಬೆನ್ನಿನ ಮೇಲೆ ಇರುತ್ತದೆ, ಜಿಗ್ ಅಡ್ಡಲಾಗಿ ನೀರಿನ ಮಟ್ಟಕ್ಕೆ ಸಮನಾಗಿ ತೂಗಬೇಕು. ಪ್ಯಾಲೋಮಾರ್ ಗಂಟು ಹಾಕಿ, ಎಂಜಲಿನಿಂದ ಒದ್ದೆ ಮಾಡಿ, ನಿಧಾನ ಬಿಗಿಯಿರಿ. ಒಣಗಂಟು ಬಿಗಿದರೆ ಬಿಸಿಗೆ 2 ಪೌಂಡಿನ ದಾರ ಅಲ್ಲೇ ಸೊರಗುತ್ತದೆ. ಬಿಗಿದ ಮೇಲೆ ಗಂಟನ್ನು ಉಗುರಿನಿಂದ ಕಣ್ಣಿನ ನೆತ್ತಿಗೆ ತಳ್ಳಿ ಜಿಗ್ ತೂಗಿಸಿ ನೋಡಿ. ಮೂತಿ ಮೇಲಾದರೆ ಗಂಟನ್ನು ಕೂದಲಷ್ಟು ಹಿಂದಕ್ಕೆ, ಬಾಲ ಮೇಲಾದರೆ ಮುಂದಕ್ಕೆ. ಒಂದು ಮೀನು ಹಿಡಿದರೆ ಗಂಟು ಜಾರಿ ಮುಂದಕ್ಕೆ ಬಂದಿರುತ್ತದೆ. ಹಾಗಾಗಿ ಪ್ರತಿ ಮೀನಿನ ನಂತರವೂ ಈ ಕೆಲಸ ಆಗಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ತಿರುಗುವುದನ್ನು ತಡೆಯಲು ಸ್ವಿವೆಲ್ ಎಂಬ ತಿರುಗುವ ಕೊಂಡಿ ಹಾಕುತ್ತೇವೆನ್ನುವವರಿದ್ದಾರೆ. ಅರ್ಧ ಗ್ರಾಮಿನ ಭಾರಕ್ಕೆ ಸ್ವಿವೆಲ್ ಅಲುಗುವುದೇ ಇಲ್ಲ. ಅದರ ತೂಕ ಮಾತ್ರ ದಾರದ ನಡುವೆ ಬಂದು ಕೂರುತ್ತದೆ, ಮೀನು ಜಿಗ್ ಎತ್ತಿದ್ದು ಕಡ್ಡಿಯ ತುದಿಗೆ ತಲುಪುವುದಿಲ್ಲ. ಸ್ಪೂನಿಗಾದರೆ ಹಾಕಿ, ಒಂದೂವರೆ ಅಡಿ ಮೇಲೆ.

ಎರಡನೆಯ ದೂರು ಸ್ಪೂಲನ್ನು ತಾನೇ ಉರುಳಲು ಬಿಡುವ ಫ್ರೀ ಫಾಲ್ ಗುಂಡಿಯದು: "ಒತ್ತಿದರೂ ಜಿಗ್ ಇಳಿಯುತ್ತಿಲ್ಲ." ಇಷ್ಟು ಹಗುರದ ಜಿಗ್‌ಗೆ ಸ್ಪೂಲನ್ನು ಉರುಳಿಸುವ ಭಾರವೇ ಇರುವುದಿಲ್ಲ. ಸ್ಪೂಲಿನ ಬಿಗಿತದ ತಿರುಪು ಇರುವ ರೀಲಾದರೆ ಸಡಿಲಿಸಿ ನೋಡಿ. ಸಾಮಾನ್ಯವಾಗಿ 1/32 ಔನ್ಸಿನ ಮೇಲಿನವು ತಾವಾಗಿ ಇಳಿಯುತ್ತವೆ, ಅದಕ್ಕಿಂತ ಹಗುರದವುಗಳಿಗೆ ಕೈಯೇ ಗತಿ. ರೀಲಿಗೂ ಕಡ್ಡಿಯ ಮೊದಲ ಉಂಗುರಕ್ಕೂ ನಡುವಿನ ದಾರ ಹಿಡಿದು ಒಂದೊಂದು ಅಡಿಯಂತೆ ಎಳೆದು ನೇರ ತೂತಿಗೆ ಬಿಡಿ. ಎಷ್ಟು ಎಳೆತವೋ ಅಷ್ಟು ಅಡಿ ಆಳ, ಲೆಕ್ಕವೂ ಕೈಯಲ್ಲೇ ಇರುತ್ತದೆ. ಎಳೆದ ದಾರವನ್ನು ಮಂಜುಗಡ್ಡೆಯ ಮೇಲೆ ಗುಡ್ಡೆ ಹಾಕಬೇಡಿ, ಒದ್ದೆ ದಾರ ಕ್ಷಣದಲ್ಲಿ ಅಂಟಿಕೊಳ್ಳುತ್ತದೆ. ಅದೇ ಗುಂಡಿಯಲ್ಲಿ ಭಾರದ ಸ್ಪೂನ್ ಇಳಿಸುವಾಗ ಹೆಬ್ಬೆರಳು ಸ್ಪೂಲಿನ ಅಂಚಿಗೆ ತಾಕಿರಲಿ. ಸ್ಪೂನ್ ತಳ ಮುಟ್ಟಿದ ಮೇಲೂ ಸ್ಪೂಲ್ ಉರುಳುತ್ತಿದ್ದರೆ ದಾರ ಸಿಕ್ಕಾಗುತ್ತದೆ.

ಡ್ರ್ಯಾಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2 ಪೌಂಡಿನ ದಾರಕ್ಕೆ 300 ಗ್ರಾಮ್ ಸಾಕು. ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರಿರುವ ಬಾಟಲಿ ಕಟ್ಟಿ ಎತ್ತಿದಾಗ ಸ್ಪೂಲ್ ಜಾರತೊಡಗಬೇಕು. ಊರಿನಲ್ಲಿ ಕೆರೆ ಏರಿಯ ಮೇಲೆ ಕಟ್ಲಾ, ರೋಹುವಿಗೆ ಗಾಳ ಹಾಕಿ ಬೆಳೆದವರು ಮಿನ್ನೆಸೋಟದ ಟ್ವಿನ್ ಸಿಟೀಸ್‌ಗೆ (ಮಿನಿಯಾಪೊಲಿಸ್, ಸೇಂಟ್ ಪಾಲ್) ಬಂದು ಮೊದಲ ಚಳಿಗಾಲದಲ್ಲೇ ಮಂಜುಗಡ್ಡೆಗೆ ಇಳಿಯುವ ಉತ್ಸಾಹ ನೋಡುವುದೇ ಸಂತೋಷ. ಆದರೆ ಅವರ ಕೈ ಜೋರಾಗಿ ಸೆಳೆಯಲು ಕಲಿತಿರುತ್ತದೆ. ಇಲ್ಲಿ ಮಣಿಕಟ್ಟು ಎರಡಂಗುಲ ಎತ್ತಿದರೆ ಸಾಕು. ಕಡ್ಡಿಯ ತುದಿ ಕೆಳಗೆ ಬಾಗುವುದನ್ನೇ ಕಾಯಬೇಡಿ: ಬ್ಲೂಗಿಲ್ ಜಿಗ್ ಅನ್ನು ಹೀರಿ ಮೇಲಕ್ಕೆದ್ದರೆ ದಾರ ಸಡಿಲವಾಗಿ ಕಚ್ಚಿದ್ದನ್ನು ತೋರಿಸುವ ತುದಿಯ ಸ್ಪ್ರಿಂಗ್ ಮೇಲೇಳುತ್ತದೆ, ಅದೂ ಕಚ್ಚಿದ್ದೇ. ಮತ್ತೆ, ಕಾಲಿಡುವ ಮುನ್ನ ಗಟ್ಟಿ ಪಾರದರ್ಶಕ ಮಂಜುಗಡ್ಡೆ ಕನಿಷ್ಠ 4 ಅಂಗುಲ ಇದೆಯೇ ಎಂದು ಕೊರೆದು ಅಳೆಯಿರಿ. ಬಿಳಿ ಮಂಜುಗಡ್ಡೆಯಾದರೆ ಅದರ ಎರಡರಷ್ಟು ಬೇಕು.

ಚಳಿಯಲ್ಲಿ ರೀಲ್ ಬಿಗಿಯಾದರೆ ಒಳಗಿನ ಗ್ರೀಸ್ ಗಟ್ಟಿಯಾಗಿದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಸ್ಪೂಲಿನ ಬೇರಿಂಗಿಗೆ ಒಂದೇ ಹನಿ ತೆಳು ಎಣ್ಣೆ ಬಿಡಿ. ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ಒಮ್ಮುಖ ಬೇರಿಂಗ್ ಇದ್ದರೆ ಅದಕ್ಕೆ ಎಣ್ಣೆ ತಾಗಿಸಲೇಬೇಡಿ, ಹಿಡಿತ ಹೋಗಿ ಹಿಡಿಕೆ ಹಿಂದಕ್ಕೆ ಜಾರುತ್ತದೆ. ಉಂಗುರಗಳಲ್ಲಿ ಮಂಜು ಕಟ್ಟಿದರೆ ಕಡ್ಡಿಯ ತುದಿಯನ್ನು ತೂತಿನ ನೀರಿನಲ್ಲಿ ಅದ್ದಿ ಕರಗಿಸಿ. ಬೆರಳಿನಿಂದ ಕಿತ್ತರೆ ತುದಿ ಮುರಿಯುತ್ತದೆ.

ಕೊನೆಗೆ ಆಳ. 6 ಸೆಂ.ಮೀ. ಅಡ್ಡಳತೆಯ ಸ್ಪೂಲ್ ಹಿಡಿಕೆಯ ಸುತ್ತಿಗೆ ಒಂದೇ ಸಲ ಉರುಳುವ ರೀಲಾದರೆ ಒಂದು ಸುತ್ತಿಗೆ 19 ಸೆಂ.ಮೀ. ದಾರ ಬರುತ್ತದೆ, ಗೇರ್ ಇದ್ದರೆ ಅದರ ಎರಡು, ಎರಡೂವರೆ ಪಟ್ಟು. 20-25 ಅಡಿಯವರೆಗೆ ಇದು ಸಾಕು. ಕೆನಡಾದ ಒಂಟಾರಿಯೊದ ಸಿಮ್ಕೋ ಸರೋವರದಲ್ಲಿ ಆಳದ ವೈಟ್‌ಫಿಶ್, ಲೇಕ್ ಟ್ರೌಟ್ ಹಿಡಿಯಲು ಇದನ್ನೇ ಒಯ್ಯುವವರಿಗೆ ನನ್ನ ಸಲಹೆ: ಅಲ್ಲಿಗೆ ಸ್ಪಿನ್ನಿಂಗ್ ರೀಲ್, ಭಾರದ ಸ್ಪೂನ್, ಒಂದು ಒಳ್ಳೆಯ ಸ್ವಿವೆಲ್ ತೆಗೆದುಕೊಂಡು ಹೋಗಿ, ಇನ್‌ಲೈನ್ ರೀಲನ್ನು ದಡದ ಹತ್ತಿರದ ಪರ್ಚ್‌ಗೆ ಇಟ್ಟುಕೊಳ್ಳಿ.