ರಾಮನ ನಾಣ್ಯಕ್ಕೆ ಎಷ್ಟು ಸಿಗುತ್ತದೆ?

ಪ್ರಶ್ನೆ: ಅಜ್ಜಿಯ ಟ್ರಂಕಿನಲ್ಲಿ 1818ರ ಈಸ್ಟ್ ಇಂಡಿಯಾ ಕಂಪನಿಯ ತಾಮ್ರದ ನಾಣ್ಯ ಸಿಕ್ಕಿದೆ. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಹನುಮಂತ ಇದ್ದಾರೆ. ಲಕ್ಷಗಟ್ಟಲೆ ಬೆಲೆ ಬಾಳುತ್ತದೆ ಎನ್ನುತ್ತಾರೆ. ನಿಜವೇ?

ಇಲ್ಲ. ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ, ಲೆಕ್ಕ ತಪ್ಪಿದೆ.

ನಾಣ್ಯವನ್ನು ತಿರುಗಿಸಿ. ಕಂಪನಿಯ ಹೆಸರಿನ ಜೊತೆ ‘ಯುಕೆಎಲ್ ಒನ್ ಅಣಾ’ ಎಂದೋ ‘ಯುಕೆ ಹಾಫ್ ಅಣಾ’ ಎಂದೋ ಇರುತ್ತದೆ. ಕಂಪನಿಯ ಅಸಲಿ ನಾಣ್ಯಗಳಲ್ಲಿ ಈ ಯುಕೆ ಇಲ್ಲ. ಇದರ ದಾಯಾದಿಗಳು 1616 ಎಂಬ ಇಸವಿಯನ್ನು ಹೊತ್ತೂ ಬರುತ್ತವೆ. ಯುನೈಟೆಡ್ ಕಿಂಗ್‌ಡಮ್ ಹುಟ್ಟಿದ್ದೇ 1801ರಲ್ಲಿ! 1818ರಲ್ಲಿ ಕಂಪನಿ ಬಂಗಾಳದಲ್ಲಿ ಅಚ್ಚು ಹಾಕುತ್ತಿದ್ದ ರೂಪಾಯಿಯ ಮೇಲಿದ್ದದ್ದು ಮೊಗಲ್ ಬಾದಶಹ ಷಾ ಆಲಂನ ಹೆಸರು, ಅದೂ ಪಾರ್ಸಿಯಲ್ಲಿ. ಆತ ಸತ್ತು ಆಗಲೇ 12 ವರ್ಷವಾಗಿತ್ತು. ಹಾಗೆಂದು ಕಂಪನಿಗೆ ದೇವರು ವರ್ಜ್ಯವಾಗಿರಲಿಲ್ಲ. ಮದರಾಸಿನಲ್ಲಿ ವಿಷ್ಣುವಿನ ಚಿತ್ರವಿದ್ದ ‘ವರಹ’ ಎಂಬ ನಾಣ್ಯ ಹೊರಡಿಸಿತ್ತು. ಆದರೆ ಅದು ಚಿನ್ನದ್ದು, ಬೆರಳ ತುದಿಯಷ್ಟು ಪುಟ್ಟದು. ನಿಮ್ಮ ಕೈಯಲ್ಲಿರುವುದು ಭಕ್ತರಿಗೆಂದು ಮಾಡಿ ಮಾರಿದ ಬಿಲ್ಲೆ. ದೇವರ ಮನೆಯಲ್ಲಿಡಿ, ಅಡ್ಡಿಯಿಲ್ಲ.

‘ಆದರೆ ಸಾರ್, ಇದು ಅಕ್ಕಿ ಎಳೆಯುತ್ತದಂತೆ!’ ಬಂತು ನೋಡಿ, ಅಕ್ಕಿಕಾಳು ಸೆಳೆಯುವ ನಾಣ್ಯಕ್ಕೆ ಪವಾಡದ ಶಕ್ತಿಯಿದೆ ಎಂದು ನಂಬಿಸುವ ಮೋಸ. ತಾಮ್ರ ಅಕ್ಕಿಯನ್ನು ಎಳೆಯುವುದಿಲ್ಲ. ಕಾಳಿನಲ್ಲಿ ಕಬ್ಬಿಣದ ಪುಡಿ ಸೇರಿಸಿ, ಬಿಲ್ಲೆಯ ಅಡಿಯಲ್ಲಿ ಆಯಸ್ಕಾಂತ ಬಚ್ಚಿಟ್ಟರೆ ನನ್ನ ಊಟದ ತಟ್ಟೆಯೂ ಎಳೆಯುತ್ತದೆ. ‘ವಿಜ್ಞಾನಿಗಳು ಪರೀಕ್ಷೆಗೆ ಬರುತ್ತಾರೆ, ಖರ್ಚಿಗೆ ಸ್ವಲ್ಪ ಮುಂಗಡ ಕೊಡಿ’ ಎಂದರೆ ಅಲ್ಲಿಗೆ ಮಾತು ನಿಲ್ಲಿಸಿ. ಹಳೆಯ ನಾಣ್ಯ, ನೋಟುಗಳ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಟ್ರಂಕಿನಲ್ಲಿ ಬ್ರಿಟಿಷರ ಕಾಲದ, 1835ರಿಂದ 1939ರವರೆಗಿನ ಬೆಳ್ಳಿಯ ರೂಪಾಯಿ ಇದ್ದರೆ ಅದರ ಕಥೆ ಬೇರೆ. 11.66 ಗ್ರಾಂ ತೂಕ, ಅದರಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. ಬೆಳ್ಳಿಯ ದರವಂತೂ ಕೈಬಿಡುವುದಿಲ್ಲ. ಅದಕ್ಕಿಂತ ಹೆಚ್ಚು ಸಿಗುವುದು ನಾಣ್ಯ ವಿರಳವಾಗಿದ್ದರೆ ಮಾತ್ರ. ಹಳೆಯದಾದ ಮಾತ್ರಕ್ಕೆ ವಿರಳವಾಗುವುದಿಲ್ಲ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯನ್ನು ಅದೇ ಇಸವಿ ಹಾಕಿ ಮುಂದಿನ ಹತ್ತು ವರ್ಷವೂ ಅಚ್ಚು ಹಾಕಿದರು, ಹೀಗಾಗಿ ರಾಶಿ ರಾಶಿ ಇವೆ. ಅದಕ್ಕಿಂತ ಎಷ್ಟೋ ಹೊಸದಾದ 1939ರ ರೂಪಾಯಿ ಅಪರೂಪ, ಅದರಲ್ಲಿ ನಕಲಿಯೂ ಧಾರಾಳ. ಮತ್ತೆ, ದಯವಿಟ್ಟು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಪೂಜೆಯ ತಂಬಿಗೆಗೆ ಹೊಳಪು ಚೆಂದ. ಸಂಗ್ರಾಹಕ ನೋಡುವುದು ನೂರು ವರ್ಷ ಕೂತ ಆ ಕಪ್ಪನ್ನೇ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದರಂತೂ ಬರಿಯ ಲೋಹದ ಬೆಲೆ.

ಯಾರೂ ಕೇಳದ ಒಂದು ಮಾತು. ನಾವು ದಿನಕ್ಕೆ ನೂರು ಸಲ ಹೇಳುವ ‘ಹಣ’ ಒಂದು ನಾಣ್ಯದ ಹೆಸರಾಗಿತ್ತು. ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ಹೊರಡಿಸಿದ ಕಂಠೀರಾಯಿ ಹಣದ ಮೇಲೆ ನರಸಿಂಹ ಕೂತಿದ್ದಾನೆ. ಚಿನ್ನದ್ದೇ, ಆದರೆ ಅರ್ಧ ಗ್ರಾಂ ಕೂಡ ತೂಗದು. ಇಷ್ಟು ಸಣ್ಣದನ್ನು ಒಂದೊಂದಾಗಿ ಎಣಿಸುವುದು ಯಾರಿಂದ ಸಾಧ್ಯ? ಅದಕ್ಕೇ ಸಾಲು ಸಾಲು ಗುಳಿ ಕೊರೆದ ಮರದ ಹಲಗೆ ಇರುತ್ತಿತ್ತು. ಹಣವನ್ನು ಅದರ ಮೇಲೆ ಸುರಿದು ಅಲುಗಾಡಿಸಿದರೆ ಗುಳಿಗೊಂದರಂತೆ ಕೂರುತ್ತದೆ, ಹೆಚ್ಚಿನದು ಜಾರುತ್ತದೆ, ಎಣಿಕೆ ಮುಗಿಯಿತು. ಅಜ್ಜಿಯ ಅಟ್ಟದಲ್ಲಿ ಅಂಥ ಗುಳಿಗಳ ಹಲಗೆ ಕಂಡರೆ ಸೌದೆಗೆ ಹಾಕುವ ಮುನ್ನ ನನಗೊಂದು ಫೋಟೊ ಕಳಿಸಿ.